ಬಹಳ ದಿನ ಕೂತಿದ್ದ ಡ್ರೋನ್ ಮತ್ತೆ ಹಾರಿಸುವಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಎರಡು ವರ್ಷ ಚೀಲದಲ್ಲೇ ಇದ್ದ ಡ್ರೋನನ್ನು ಹೊರಗೆ ತೆಗೆದ ದಿನ ನಾನು ತುಂಬಾ ಅವಸರ ಮಾಡಿದೆ. ಬ್ಯಾಟರಿ ಚಾರ್ಜ್ ಆಗಿದ್ದೇ ತಡ, ಬಯಲಿಗೆ ಹೋಗಿ ಮೇಲೆ ಎತ್ತಿದೆ. ಒಂದೂವರೆ ಮೀಟರ್ ಎತ್ತರದಲ್ಲಿ ನಿಲ್ಲಿಸಿ ಸ್ಟಿಕ್ ಬಿಟ್ಟೆ. ಅದು ನಿಲ್ಲಲಿಲ್ಲ. ಮೆಲ್ಲಗೆ ಎಡಕ್ಕೆ ಜಾರುತ್ತಾ ಹೋಯಿತು. ಇಳಿಸಿ ಕಂಪಾಸ್ ಕ್ಯಾಲಿಬ್ರೇಷನ್ (ಡ್ರೋನಿನ ದಿಕ್ಸೂಚಿಯನ್ನು ಹೊಸದಾಗಿ ಹೊಂದಿಸುವುದು) ಮಾಡಿದೆ. ಮತ್ತೆ ಎಡಕ್ಕೇ ಹೋಯಿತು. ಇನ್ನೊಮ್ಮೆ ಕಂಪಾಸ್, ಆಮೇಲೆ ವಾಲಿಕೆ, ಚಲನೆ ಅಳೆಯುವ ಐಎಂಯು ಸೆನ್ಸರ್, ಆಮೇಲೆ ಒಳಗಿನ ಸಾಫ್ಟ್‌ವೇರ್ ಅಂದರೆ ಫರ್ಮ್‌ವೇರ್ ಅಪ್‌ಡೇಟ್. ಕತ್ತಲಾಯಿತು. ಜಾರುವುದು ಮಾತ್ರ ಹೋಗಲಿಲ್ಲ.

ದೋಷ ಇದ್ದದ್ದು ಡ್ರೋನಿನಲ್ಲಿ ಅಲ್ಲವೇ ಅಲ್ಲ. ಅದು ನನ್ನ ಕೈಯಲ್ಲೇ ಇತ್ತು, ರಿಮೋಟಿನ ಬಲ ಸ್ಟಿಕ್ಕಿನಲ್ಲಿ. ಅದನ್ನು ಹೇಗೆ ಪತ್ತೆ ಮಾಡಿದೆ ಎಂದು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಆ ದಿನ ಕಲಿತ ಒಂದು ವಿಷಯ ಹೇಳಬೇಕು. ಹಾರಿ ಕೆಟ್ಟ ಡ್ರೋನ್ ಬೇರೆ, ಕೂತು ಕೆಟ್ಟ ಡ್ರೋನ್ ಬೇರೆ. ಹಾರುವಾಗ ಬಿದ್ದು ಕೆಟ್ಟರೆ ಕಾರಣ ಕಣ್ಣೆದುರೇ ಇರುತ್ತದೆ. ಕೂತಲ್ಲೇ ಕೆಟ್ಟದ್ದಕ್ಕೆ ಗುರುತು ಇರುವುದಿಲ್ಲ. ಏನೂ ಮುರಿದಿರುವುದಿಲ್ಲ, ಆದರೆ ಎಲ್ಲವೂ ಸ್ವಲ್ಪ ಸ್ವಲ್ಪ ಬದಲಾಗಿರುತ್ತದೆ. ಬ್ಯಾಟರಿಯ ಚಾರ್ಜ್ ಸೋರಿರುತ್ತದೆ, ಲೋಹದ ತುದಿಗಳು ಮಸುಕಾಗಿರುತ್ತವೆ, ರಬ್ಬರ್ ಗಟ್ಟಿಯಾಗಿರುತ್ತದೆ, ಆ್ಯಪ್ ಹಳತಾಗಿರುತ್ತದೆ, ನಮ್ಮ ಬೆರಳುಗಳೂ ಮರೆತಿರುತ್ತವೆ.

ಹಾಗಾಗಿ ನನ್ನ ಕ್ರಮ ಇಷ್ಟು. ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಕೈಯಿಂದ ಮುಟ್ಟಿ, ಆಮೇಲೆ ಪ್ರೊಪೆಲ್ಲರ್ ಬಿಚ್ಚಿ ಕರೆಂಟ್ ಕೊಡಿ, ಕೊನೆಗೆ ಹಾರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಕ್ಯಾಲಿಬ್ರೇಷನ್ ಎಲ್ಲಕ್ಕಿಂತ ಕಡೆಗೆ. ಯಾಕೆಂದರೆ ಕ್ಯಾಲಿಬ್ರೇಷನ್ ದೋಷವನ್ನು ಹುಡುಕುವುದಿಲ್ಲ. "ಈಗ ಇರುವ ಸ್ಥಿತಿಯೇ ಸರಿ" ಎಂದು ಯಂತ್ರಕ್ಕೆ ಹೇಳಿಕೊಡುತ್ತದೆ ಅಷ್ಟೇ. ಪಕ್ಕದಲ್ಲಿ ಕಬ್ಬಿಣ ಇದ್ದಾಗ ಕಂಪಾಸ್ ಕ್ಯಾಲಿಬ್ರೇಷನ್ ಮಾಡಿದರೆ, ಆ ಕಬ್ಬಿಣವನ್ನೂ ಸೇರಿಸಿಯೇ ಅದು ದಿಕ್ಕಿನ ಲೆಕ್ಕ ಹಾಕುತ್ತದೆ. ಹಳೆಯ ದೋಷದ ಮೇಲೆ ಹೊಸದೊಂದು ಸೇರುತ್ತದೆ.

ಬ್ಯಾಟರಿ: ಇಲ್ಲಿ ಅವಸರ ಬೇಡವೇ ಬೇಡ

ಬಹಳ ದಿನ ಬಿಟ್ಟ ಡ್ರೋನಿನಲ್ಲಿ ಮೊದಲು ಕೈಕೊಡುವುದು ಬ್ಯಾಟರಿ. ಅಪಾಯ ಇರುವುದೂ ಅಲ್ಲೇ. ಅದಕ್ಕೆ ಈ ಭಾಗ ಸ್ವಲ್ಪ ಉದ್ದ.

ಚಾರ್ಜರ್‌ಗೆ ಹಾಕುವ ಮೊದಲೇ ಬ್ಯಾಟರಿಯನ್ನು ಬೆಳಕಿನಲ್ಲಿ ಹಿಡಿದು ನೋಡಿ. ಹೊರಗೆ ಬರೀ ತೆಳು ಹೊದಿಕೆ ಇರುವ ಲಿಪೊ (ಲಿಥಿಯಂ ಪಾಲಿಮರ್ ಬ್ಯಾಟರಿ) ಆಗಿದ್ದರೆ ಗಾಜಿನ ಮೇಲೋ ಸಮತಟ್ಟಾದ ಮೇಜಿನ ಮೇಲೋ ಇಟ್ಟು ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ತೊಟ್ಟಿಲಿನ ಹಾಗೆ ಆಡಿದರೆ ಹೊಟ್ಟೆ ಉಬ್ಬಿದೆ ಎಂದರ್ಥ. ಒಳಗಿನ ದ್ರವ ಒಡೆದು ಅನಿಲವಾಗಿ ತುಂಬಿಕೊಂಡಿರುತ್ತದೆ. ಗಟ್ಟಿ ಪ್ಲಾಸ್ಟಿಕ್ ಕವಚದ ಬ್ಯಾಟರಿಯಲ್ಲಿ ಉಬ್ಬು ಸುಲಭವಾಗಿ ಕಾಣುವುದಿಲ್ಲ. ಅಲ್ಲಿ ಮೂರು ಗುರುತು ನೋಡಬೇಕು. ಕವಚದ ಜೋಡಣೆ ಬಾಯಿ ಬಿಟ್ಟಿದೆಯಾ? ಡ್ರೋನಿನೊಳಗೆ ಮೊದಲಿನಷ್ಟು ಸಲೀಸಾಗಿ ಜಾರುತ್ತದೆಯಾ? ಕೊನೆಗೆ ಕಟ್ ಎಂದು ಕೊಕ್ಕೆ ಬೀಳುತ್ತದೆಯಾ? ಕೊಕ್ಕೆ ಪೂರ್ತಿ ಬೀಳದ ಬ್ಯಾಟರಿ ಹಾರಾಟದ ನಡುವೆ ಹೊರಗೆ ಜಾರಿಬಿಡಬಹುದು. ಆಗ ಡ್ರೋನ್ ಕಲ್ಲಿನ ಹಾಗೆ ಬೀಳುತ್ತದೆ.

ಉಬ್ಬಿದ್ದರೆ ಅದನ್ನು ಚಾರ್ಜ್ ಮಾಡಬೇಡಿ. ಚುಚ್ಚಬೇಡಿ, ಒತ್ತಬೇಡಿ, ಮನೆಯ ಕಸಕ್ಕೆ ಹಾಕಬೇಡಿ. ಉರಿಯುವ ವಸ್ತು ಇಲ್ಲದ ಜಾಗದಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ದುಡ್ಡು ಕೊಟ್ಟು ತಂದದ್ದು, ಹೊಟ್ಟೆ ಉರಿಯುತ್ತದೆ ನಿಜ. ಆದರೆ ಮನೆಯೊಳಗೆ ಲಿಪೊ ಹೊತ್ತಿಕೊಂಡರೆ ಆರಿಸುವುದು ಬಹಳ ಕಷ್ಟ.

ಉಬ್ಬಿಲ್ಲ ಎಂದಾದರೆ ವೋಲ್ಟೇಜ್ ನೋಡಿ. ಸಾಮಾನ್ಯ ಲಿಪೊ ಸೆಲ್ ಒಂದಕ್ಕೆ ಪೂರ್ತಿ ಚಾರ್ಜ್ ಎಂದರೆ 4.2 ವೋಲ್ಟ್. ಸುಮ್ನೆ ಎತ್ತಿಡುವಾಗ 3.8ರಿಂದ 3.85 ಇರಬೇಕು. 3 ವೋಲ್ಟಿಗಿಂತ ಕೆಳಗೆ ಹೋಗಬಾರದು. ಹೈ ವೋಲ್ಟೇಜ್ ಎಂದು ಬರೆದಿರುವ ಸೆಲ್‌ಗಳಲ್ಲಿ ಪೂರ್ತಿ ಚಾರ್ಜ್ 4.35ರವರೆಗೆ ಹೋಗುತ್ತದೆ. ನಿಮ್ಮದು ಯಾವುದು ಎಂದು ಮೈಮೇಲಿನ ಬರಹ ಓದಿಯೇ ಚಾರ್ಜರ್ ಸೆಟ್ ಮಾಡಿ.

3 ವೋಲ್ಟಿಗಿಂತ ಕೆಳಗೆ ಬಹಳ ದಿನ ಕೂತ ಸೆಲ್ಲನ್ನು ಮತ್ತೆ ಎಬ್ಬಿಸುವ ಉಪಾಯಗಳನ್ನು ಜನ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಸೆಲ್ ತೀರಾ ಕೆಳಗೆ ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಕೊಟ್ಟಾಗ ಕರಗಿದ ತಾಮ್ರ ಎಲ್ಲೆಂದರಲ್ಲಿ ಕೂರುತ್ತದೆ. ಅದರಿಂದ ಒಳಗೇ ಶಾರ್ಟ್ ಆಗಬಹುದು. ಆ ದಿನವೇ ಏನೂ ಆಗದಿರಬಹುದು, ಹತ್ತನೇ ಚಾರ್ಜಿನಲ್ಲಿ ಆಗಬಹುದು. ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಚಾರ್ಜ್ ತೆಗೆದುಕೊಳ್ಳಲು ಒಪ್ಪುತ್ತಿಲ್ಲ ಎಂದರೆ ಅದಕ್ಕೊಂದು ಕಾರಣ ಇದೆ. ಅದನ್ನು ದಾಟಿ ನೇರವಾಗಿ ತಂತಿ ಜೋಡಿಸುವುದು ಬೇಡ.

ಒಂದು ವಿಷಯಕ್ಕೆ ಮಾತ್ರ ಗಾಬರಿಯಾಗಬೇಡಿ. ಈಗಿನ ಜಾಣ ಬ್ಯಾಟರಿಗಳು ಬಹಳ ದಿನ ಬಿಟ್ಟರೆ ನಿದ್ದೆಗೆ ಜಾರುತ್ತವೆ. ಗುಂಡಿ ಒತ್ತಿದರೆ ಒಂದು ದೀಪವೂ ಹೊತ್ತುವುದಿಲ್ಲ. ಅದು ಸತ್ತಿದೆ ಎಂದಲ್ಲ. ಅದರದೇ ಚಾರ್ಜರ್‌ಗೆ ಜೋಡಿಸಿ ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತು ನೋಡಿ. ದೀಪ ಮಿನುಗಿದರೆ ಎದ್ದಿದೆ. ಅರ್ಧ ಗಂಟೆಯಾದರೂ ಏನೂ ಇಲ್ಲ ಎಂದರೆ ಇನ್ನೊಂದು ಬ್ಯಾಟರಿ ಹಾಕಿ ನೋಡಿ. ಅದು ಚಾರ್ಜ್ ಆದರೆ ಚಾರ್ಜರ್ ಸರಿಯಿದೆ, ಮೊದಲಿನ ಬ್ಯಾಟರಿ ಹೋಗಿದೆ. ಎರಡೂ ಆಗದಿದ್ದರೆ ಅನುಮಾನ ಚಾರ್ಜರ್ ಮೇಲೆ, ಕೇಬಲ್ ಮೇಲೆ.

ಮೊದಲ ಚಾರ್ಜ್ ನಿಧಾನವಾಗಿರಲಿ. 1500 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಸಾಮರ್ಥ್ಯದ ಬ್ಯಾಟರಿಗೆ ಸಾಮಾನ್ಯವಾಗಿ 1.5 ಆಂಪಿಯರ್ ಕೊಡುತ್ತೇವೆ. ಬಹಳ ದಿನದ ಮೇಲೆ ನಾನು ಅದರ ಅರ್ಧ ಕೊಡುತ್ತೇನೆ. ಆ ಹೊತ್ತಿನಲ್ಲಿ ಎರಡು ಮೂರು ಸಲ ಬ್ಯಾಟರಿ ಮುಟ್ಟಿ ನೋಡುತ್ತೇನೆ. ಉಗುರು ಬೆಚ್ಚಗೆ ಇದ್ದರೆ ಪರವಾಗಿಲ್ಲ. ಒಂದು ಭಾಗ ಮಾತ್ರ ಬಿಸಿಯಾದರೆ ತೆಗೆದುಬಿಡುತ್ತೇನೆ.

ಪೂರ್ತಿ ಚಾರ್ಜ್ ಆಯಿತು, ಸೆಲ್‌ಗಳೆಲ್ಲ 4.2 ತೋರಿಸುತ್ತಿವೆ. ಅಷ್ಟಕ್ಕೇ ಬ್ಯಾಟರಿ ಚೆನ್ನಾಗಿದೆ ಎನ್ನಲಾಗದು. ವಯಸ್ಸಾದ ಸೆಲ್ಲಿನ ಒಳಗಿನ ಪ್ರತಿರೋಧ ಜಾಸ್ತಿಯಾಗಿರುತ್ತದೆ. ಸುಮ್ನೆ ಕೂತಾಗ ಗೊತ್ತೇ ಆಗುವುದಿಲ್ಲ, ಭಾರ ಬಿದ್ದಾಗ ಕುಸಿಯುತ್ತದೆ. ಚಾರ್ಜರ್ ಮಿಲಿಓಮ್ ಲೆಕ್ಕದಲ್ಲಿ ಪ್ರತಿರೋಧ ತೋರಿಸಿದರೆ ಸೆಲ್‌ಗಳನ್ನು ಹೋಲಿಸಿ. ಒಂದು ಸೆಲ್ ಉಳಿದವುಗಳ ಎರಡರಷ್ಟು ತೋರಿಸಿದರೆ ಆ ಬ್ಯಾಟರಿ ನಂಬಬೇಡಿ. ಅಂಥ ಚಾರ್ಜರ್ ಇಲ್ಲದಿದ್ದರೆ ಹಾರಿಸುವಾಗಲೇ ಪರೀಕ್ಷೆ ಮಾಡಬಹುದು. ಉಳಿದೆಲ್ಲ ಪರೀಕ್ಷೆ ಮುಗಿದ ಮೇಲೆ, ಒಂದು ಒಂದೂವರೆ ಮೀಟರ್ ಎತ್ತರದಲ್ಲಿ ಎರಡು ನಿಮಿಷ ನಿಲ್ಲಿಸಿ, ಆ್ಯಪ್‌ನಲ್ಲಿ ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ನೋಡುತ್ತಿರಿ. ಎಲ್ಲವೂ ಜೊತೆಜೊತೆಯಾಗಿ ಇಳಿಯಬೇಕು. ಒಂದು ಸೆಲ್ ಉಳಿದವಕ್ಕಿಂತ 0.1 ವೋಲ್ಟಿಗೂ ಜಾಸ್ತಿ ಹಿಂದೆ ಬಿದ್ದರೆ ನಾನು ಆ ಬ್ಯಾಟರಿಯನ್ನು ಮತ್ತೆ ಮೇಲೆ ಕಳಿಸುವುದಿಲ್ಲ.

ಶೇಕಡಾ ಲೆಕ್ಕವನ್ನು ಮೊದಲ ಕೆಲವು ಹಾರಾಟಗಳಲ್ಲಿ ನಂಬಬೇಡಿ. ಒಳಗೆ ಎಷ್ಟು ಕರೆಂಟ್ ಹೋಯಿತು, ಎಷ್ಟು ಬಂತು ಎಂದು ಎಣಿಸಿ ಬ್ಯಾಟರಿ ಆ ಅಂಕಿ ಕೊಡುತ್ತದೆ. ಬಹಳ ದಿನ ತಾನಾಗಿಯೇ ಸೋರಿದ್ದು ಆ ಎಣಿಕೆಗೆ ಸರಿಯಾಗಿ ಸಿಕ್ಕಿರುವುದಿಲ್ಲ. 35 ಎಂದು ತೋರಿಸುತ್ತಿದ್ದದ್ದು ನೋಡನೋಡುತ್ತಲೇ 8ಕ್ಕೆ ಬಿದ್ದರೆ ಇದೇ ಕಾರಣ, ಇಲ್ಲವೇ ಸೆಲ್ ದುರ್ಬಲ. ಹಾಗಾಗಿ ಮೊದಲ ದಿನ ಅರ್ಧ ಚಾರ್ಜ್ ಇರುವಾಗಲೇ ಇಳಿಸಿ.

ಕರೆಂಟ್ ಬರುತ್ತದೆ, ನಡುನಡುವೆ ಹೋಗುತ್ತದೆ

ಆನ್ ಮಾಡಿದ ಮೇಲೆ ತಾನಾಗಿಯೇ ಆಫ್ ಆದರೆ, ಅಥವಾ "ಬ್ಯಾಟರಿ ಸಂಪರ್ಕ ಇಲ್ಲ" ಎಂಬ ಸಂದೇಶ ಬಂದು ಹೋಗುತ್ತಿದ್ದರೆ, ಬ್ಯಾಟರಿಯ ತುದಿಯ ಲೋಹದ ಹಲ್ಲುಗಳನ್ನು ನೋಡಿ. ತೇವ ಬಡಿದ ತುದಿ ಹೊಳಪು ಕಳೆದುಕೊಂಡು ಕಪ್ಪಾಗಿರುತ್ತದೆ, ಕೆಲವು ಸಲ ಹಸಿರು ಪುಡಿ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತಗಿನ ಬ್ರಷ್ಷಿನಿಂದ ಒರೆಸಿ. ಪೂರ್ತಿ ಒಣಗಲು ಬಿಡಿ. ಉಪ್ಪುಕಾಗದ ಮಾತ್ರ ಬೇಡ. ಮೇಲಿನ ತೆಳು ಲೇಪ ಹೋದರೆ ಮತ್ತೆ ಬೇಗ ತುಕ್ಕು ಹಿಡಿಯುತ್ತದೆ. ಡ್ರೋನಿನ ಗಾಳಿ ಕಿಂಡಿಗಳಲ್ಲೂ ಟಾರ್ಚ್ ಹಾಕಿ ನೋಡಿ. ಜೇಡನ ಬಲೆ, ಕಣಜದ ಮಣ್ಣುಗೂಡು ಅಲ್ಲಿರುವುದುಂಟು.

ಮೋಟರ್ ಮತ್ತು ಪ್ರೊಪೆಲ್ಲರ್

ಪ್ರೊಪೆಲ್ಲರ್‌ಗಳನ್ನು ಬಿಚ್ಚಿ. ನಾಲ್ಕೂ ಮೋಟರ್‌ಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿ. ಒಳಗಿನ ಆಯಸ್ಕಾಂತದಿಂದಾಗಿ ಸಣ್ಣ ಸಣ್ಣ ಮೆಟ್ಟಿಲು ಹತ್ತಿದ ಹಾಗೆ ಅನ್ನಿಸುತ್ತದೆ, ಅದು ಸಹಜ. ಆ ಮೆಟ್ಟಿಲುಗಳು ಒಂದೇ ಸಮ ಇರಬೇಕು. ಕರಕರ ಎಂದರೆ ಒಳಗೆ ಮರಳು ಸೇರಿದೆ. ಎಲ್ಲ ಕಡೆ ಬಿಗಿ ಅನ್ನಿಸಿದರೆ ಬೇರಿಂಗ್ ತುಕ್ಕು ಹಿಡಿದಿದೆ. ಮಣ್ಣಿನಲ್ಲಿರುವ ಕಬ್ಬಿಣದ ಪುಡಿಯನ್ನು ಮೋಟರಿನ ಆಯಸ್ಕಾಂತ ಹಿಡಿದಿಟ್ಟುಕೊಳ್ಳುತ್ತದೆ. ಊದಿದರೆ ಅದು ಹೋಗುವುದಿಲ್ಲ. ಅಂಟುಪಟ್ಟಿಯ ತುದಿಯನ್ನು ಸಂದಿಗೆ ತಾಗಿಸಿ ತೆಗೆಯಬೇಕು. ತಾಳ್ಮೆ ಬೇಕಾಗುವ ಕೆಲಸ, ಆದರೆ ಫಲ ಇದೆ.

ಆಮೇಲೆ ಪ್ರೊಪೆಲ್ಲರ್ ಇಲ್ಲದೆಯೇ ಕೆಲವು ಸೆಕೆಂಡ್ ಮೋಟರ್ ಓಡಿಸಿ. ವೇಗ ಜಾಸ್ತಿ ಮಾಡಬೇಡಿ. ಕಣ್ಣು ಮುಚ್ಚಿ ಕೇಳಿದರೆ ನಾಲ್ಕರಲ್ಲಿ ಯಾವುದರ ದನಿ ಬೇರೆ ಎಂದು ಗೊತ್ತಾಗುತ್ತದೆ. ಒಂದು ಮೋಟರ್ ತಿರುಗದೆ ಅಲ್ಲೇ ನಡುಗುತ್ತಿದ್ದರೆ, ಅದಕ್ಕೆ ಹೋಗುವ ಮೂರು ತಂತಿಗಳಲ್ಲಿ ಒಂದು ಬಿಟ್ಟಿರುವ ಸಾಧ್ಯತೆ ಹೆಚ್ಚು. ನೀವೇ ಜೋಡಿಸಿದ ಡ್ರೋನ್ ಆದರೆ ಆ ಮೋಟರನ್ನು ಪಕ್ಕದ ತೋಳಿನ ಇಎಸ್‌ಸಿಗೆ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಹಾಕಿ ನೋಡಿ. ದೋಷ ಮೋಟರ್ ಜೊತೆ ಹೋದರೆ ಮೋಟರಿನದು, ಅಲ್ಲೇ ಉಳಿದರೆ ಇಎಸ್‌ಸಿಯದು.

ಪ್ರೊಪೆಲ್ಲರ್‌ಗಳನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿ. ಅಂಚಿನ ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲಿ ತಡೆಯುತ್ತದೋ ಅಲ್ಲಿ ಕಚ್ಚು ಇದೆ. ಬುಡದಲ್ಲಿ ಕೂದಲೆಳೆಯ ಬಿರುಕು ಕಂಡರೆ ಎಸೆದುಬಿಡಿ. ಮಡಚುವ ಪ್ರೊಪೆಲ್ಲರ್‌ಗಳು ಇಕ್ಕಟ್ಟಾದ ಚೀಲದಲ್ಲಿ ಒತ್ತಿಕೊಂಡು ಸೊಟ್ಟಗಾಗುತ್ತವೆ. ಜೋಡಿಯನ್ನು ಪಕ್ಕಪಕ್ಕ ಇಟ್ಟರೆ ತಿರುವು ಬೇರೆಯಾಗಿರುವುದು ಕಾಣುತ್ತದೆ. ಇವು ಅಗ್ಗದ ವಸ್ತು. ಬಹಳ ವರ್ಷ ಆಗಿದ್ದರೆ ಕಣ್ಣಿಗೆ ಚೆನ್ನಾಗಿ ಕಂಡರೂ ಹೊಸ ಸೆಟ್ ಹಾಕುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಮತ್ತೆ ಹಾಕುವಾಗ ಗಮನ ಇರಲಿ. ನಾಲ್ಕು ಮೋಟರಿನ ಡ್ರೋನಿನಲ್ಲಿ ಎದುರು ಮೂಲೆಯ ಎರಡು ಒಂದೇ ಕಡೆ ತಿರುಗುತ್ತವೆ, ಪಕ್ಕದವು ಅದಕ್ಕೆ ಉಲ್ಟಾ. ಬುಡದ ಗುರುತು ನೋಡಿ ಹೊಂದಿಸಬೇಕು. ನೆಲ ಬಿಡುತ್ತಿದ್ದಂತೆ ಡ್ರೋನ್ ಮಗುಚಿ ಬಿದ್ದರೆ ಬೇರೇನೂ ಹುಡುಕುವ ಮೊದಲು ಪ್ರೊಪೆಲ್ಲರ್ ಅದಲುಬದಲಾಗಿದೆಯಾ ನೋಡಿ. ಬಹುತೇಕ ಅಲ್ಲೇ ಸಿಗುತ್ತದೆ. ನೀವೇ ಜೋಡಿಸಿದ್ದರಲ್ಲಿ ಬೋರ್ಡಿಗೆ ಹೊಸ ಫರ್ಮ್‌ವೇರ್ ಹಾಕಿದ ಮೇಲೆ ಹೀಗಾದರೆ, ಮೋಟರ್ ಕ್ರಮದ ಹಳೆಯ ಸೆಟ್ಟಿಂಗ್ ಅಳಿಸಿ ಹೋಗಿರಬಹುದು.

ರಿಮೋಟ್, ಫೋನ್, ಆ್ಯಪ್

"ಡ್ರೋನ್ ಕಾಣುತ್ತಿಲ್ಲ" ಎಂದು ಆ್ಯಪ್ ಹೇಳಿದರೆ ಮೊದಲು ಕೇಬಲ್ ಬದಲಿಸಿ. ಬರೀ ಚಾರ್ಜ್ ಮಾಡುವ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ನಡುವೆ ಫೋನ್ ಬದಲಿಸಿದ್ದೀರಿ, ಹಳೆಯ ಕೇಬಲ್ ಕಳೆದಿದೆ, ಕೈಗೆ ಸಿಕ್ಕಿದ್ದನ್ನು ಹಾಕಿದ್ದೀರಿ. ಹೀಗಾಗುವುದೇ ಜಾಸ್ತಿ. ಆಮೇಲೆ ಫೋನಿನ ಅನುಮತಿಗಳನ್ನು ನೋಡಿ. ಬಹಳ ದಿನ ಬಳಸದ ಆ್ಯಪ್‌ಗೆ ಕೊಟ್ಟಿದ್ದ ಲೊಕೇಶನ್ ಅನುಮತಿಯನ್ನು ಫೋನ್ ತಾನಾಗಿಯೇ ವಾಪಸ್ ತೆಗೆದುಕೊಂಡಿರಬಹುದು. ಇವೆರಡೂ ಸರಿಯಿದ್ದರೆ ಮಾತ್ರ ರಿಮೋಟ್ ಮತ್ತು ಡ್ರೋನನ್ನು ಮತ್ತೆ ಜೋಡಿ ಮಾಡುವ ಕೆಲಸಕ್ಕೆ ಹೋಗಿ.

ಫರ್ಮ್‌ವೇರ್ ವಿಷಯದಲ್ಲಿ ನನ್ನ ಮಾತು ಇಷ್ಟು. ಮನೆಯಲ್ಲೇ ಮಾಡಿ, ಬಯಲಿನಲ್ಲಿ ಬೇಡ. ಪ್ರೊಪೆಲ್ಲರ್ ಬಿಚ್ಚಿರಲಿ, ಎಲ್ಲವೂ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇರಲಿ. ಶುರು ಮಾಡುವ ಮೊದಲು ಎಲ್ಲ ಸೆಟ್ಟಿಂಗ್ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ರಿಮೋಟ್, ಡ್ರೋನ್ ಎರಡಕ್ಕೂ ಅಪ್‌ಡೇಟ್ ಬೇಕು. ಜಾಣ ಬ್ಯಾಟರಿಗಳಿದ್ದರೆ ಒಂದೊಂದನ್ನೂ ಡ್ರೋನಿಗೆ ಹಾಕಿ ಬೇರೆ ಬೇರೆಯಾಗಿ ಮಾಡಬೇಕಾಗುತ್ತದೆ. ಒಂದು ಬ್ಯಾಟರಿಯಲ್ಲಿ ಮಾತ್ರ "ಆವೃತ್ತಿ ಹೊಂದುತ್ತಿಲ್ಲ" ಎಂದು ಬಂದರೆ ಅದು ಬಿಟ್ಟುಹೋದದ್ದು. ಅಪ್‌ಡೇಟ್ ಆದ ಮೇಲೆ ಡ್ರೋನ್ ತಾನಾಗಿ ವಾಪಸ್ ಬರುವಾಗ ಹಾರುವ ಎತ್ತರ, ಸಂಪರ್ಕ ತಪ್ಪಿದರೆ ಏನು ಮಾಡಬೇಕು ಎಂಬ ಆಯ್ಕೆ, ಸ್ಟಿಕ್ ಮೋಡ್ ಇವು ಮೂರನ್ನೂ ಮತ್ತೆ ನೋಡಿ. ಸ್ಟಿಕ್ ಮೋಡ್ 2 ಇದ್ದದ್ದು 1 ಆಗಿಬಿಟ್ಟರೆ ಮೇಲೆ-ಕೆಳಗೆ ಸಾಗಿಸುವ ಸ್ಟಿಕ್ಕೂ ಮುಂದೆ-ಹಿಂದೆ ಸಾಗಿಸುವ ಸ್ಟಿಕ್ಕೂ ಅದಲುಬದಲಾಗುತ್ತವೆ. ಮೇಲೇರಲಿ ಎಂದು ಎಡ ಸ್ಟಿಕ್ ದೂಡುತ್ತೀರಿ, ಡ್ರೋನ್ ಮುಂದಕ್ಕೆ ನುಗ್ಗುತ್ತದೆ.

ಡ್ರೋನ್ ತಾವೇ ಜೋಡಿಸಿ, ರಿಮೋಟ್ ಸಂಪರ್ಕಕ್ಕೆ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ರೇಡಿಯೊ ವ್ಯವಸ್ಥೆಯ ರಿಸೀವರ್ ಬಳಸುವವರಿಗೆ ಒಂದು ಮಾತು. ರಿಮೋಟಿನ ಕಡೆ ಆವೃತ್ತಿ 3, ಡ್ರೋನಿನ ಕಡೆ ಆವೃತ್ತಿ 2 ಇದ್ದರೆ ಎಷ್ಟು ಸಲ ಪ್ರಯತ್ನಿಸಿದರೂ ಅವು ಜೋಡಿ ಆಗುವುದಿಲ್ಲ. ಎರಡೂ ಒಂದೇ ಮುಖ್ಯ ಆವೃತ್ತಿಯಲ್ಲಿರಬೇಕು.

ಸಂಪರ್ಕ ಸಿಕ್ಕಿ, ಸ್ವಲ್ಪ ದೂರ ಹೋದ ತಕ್ಷಣ ಚಿತ್ರ ಒಡೆಯುತ್ತಿದ್ದರೆ ಆಂಟೆನಾ ಹಿಡಿಯುವ ರೀತಿ ನೆನಪಿದೆಯಾ ನೋಡಿ. ಚಪ್ಪಟೆ ಮುಖ ಡ್ರೋನಿನ ಕಡೆ ಇರಬೇಕು. ತುದಿಯನ್ನು ಡ್ರೋನಿಗೆ ಗುರಿ ಇಟ್ಟರೆ ಸಿಗ್ನಲ್ ತುಂಬಾ ಕಡಿಮೆ ಸಿಗುತ್ತದೆ. ನೀವು ಬಿಟ್ಟಾಗ ಇಲ್ಲದಿದ್ದ ವೈಫೈಗಳು ಈಗ ಸುತ್ತ ತುಂಬಿಕೊಂಡಿರಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ತೊಂದರೆ ಇದ್ದರೆ 5.8ಕ್ಕೆ ಬದಲಿಸಿ ನೋಡಿ.

ಉಪಗ್ರಹ ಸಿಗುತ್ತಿಲ್ಲ

ಆನ್ ಮಾಡಿ ಐದು ನಿಮಿಷವಾದರೂ ಜಿಪಿಎಸ್ ಸಿಗುತ್ತಿಲ್ಲ ಎಂದು ತುಂಬಾ ಜನ ರಿಪೇರಿಗೆ ಓಡುತ್ತಾರೆ. ಸುಮ್ನೆ ಕಾಯಿರಿ. ಯಾವ ಉಪಗ್ರಹ ಎಲ್ಲಿದೆ ಎಂಬ ನಿಖರ ಮಾಹಿತಿ ಕೆಲವೇ ಗಂಟೆ ಬಾಳುತ್ತದೆ. ತಿಂಗಳುಗಟ್ಟಲೆ ಬಿಟ್ಟ ರಿಸೀವರ್ ಬಳಿ ಇರುವುದೆಲ್ಲ ಹಳಸಿದ ಮಾಹಿತಿ. ಅದು ಹೊಸದಾಗಿ ಎಲ್ಲವನ್ನೂ ಆಕಾಶದಿಂದಲೇ ಇಳಿಸಿಕೊಳ್ಳಬೇಕು. ಜಿಪಿಎಸ್‌ನ ಪೂರ್ತಿ ಉಪಗ್ರಹ ಪಟ್ಟಿ ಒಮ್ಮೆ ಬಂದು ಮುಗಿಯಲು ಹನ್ನೆರಡೂವರೆ ನಿಮಿಷ ಬೇಕು. ಹಾಗಾಗಿ ಮೇಲೆ ಮರ, ಸೂರು ಏನೂ ಇಲ್ಲದ ಕಡೆ ಡ್ರೋನ್ ಆನ್ ಮಾಡಿ ಹದಿನೈದು ನಿಮಿಷ ಇಡಿ. ಎರಡನೇ ಸಲ ಬೇಗ ಸಿಗುತ್ತದೆ.

ಹಳೆಯ ಮಾಡೆಲ್ ಆಗಿದ್ದು, ವಿಡಿಯೊದಲ್ಲಿ ತಾರೀಕು ಸುಮಾರು ಇಪ್ಪತ್ತು ವರ್ಷ ಹಿಂದಿನದು ಬರುತ್ತಿದ್ದರೆ ಅದಕ್ಕೂ ಕಾರಣ ಇದೆ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಕೊನೆಯ ಸಲ ಹಾಗಾದದ್ದು 2019ರ ಏಪ್ರಿಲ್ 6ರ ರಾತ್ರಿ. ಅದನ್ನು ಸರಿಪಡಿಸುವ ಫರ್ಮ್‌ವೇರ್ ಸಿಗದ ರಿಸೀವರ್‌ಗಳು ತಾರೀಕಿನಲ್ಲಿ ಎಡವುತ್ತವೆ.

ಜಾಗ ತಿಳಿಯಲು ಕಡಿಮೆಯೆಂದರೆ ನಾಲ್ಕು ಉಪಗ್ರಹ ಸಾಕು. ಆದರೆ ನಾನು ಹನ್ನೆರಡು ಬರುವವರೆಗೆ ಎತ್ತುವುದಿಲ್ಲ. "ಹೋಮ್ ಪಾಯಿಂಟ್ ದಾಖಲಾಗಿದೆ" ಎಂಬ ಸಂದೇಶವನ್ನೂ ಕಾಯುತ್ತೇನೆ. ಅದು ಬರುವ ಮೊದಲೇ ಎತ್ತಿದರೆ, ವಾಪಸ್ ಬಾ ಎಂದಾಗ ಅದಕ್ಕೆ ಎಲ್ಲಿಗೆ ಬರಬೇಕೆಂದು ಗೊತ್ತಿರುವುದಿಲ್ಲ. ವಾಪಸ್ ಬರುವ ಎತ್ತರವನ್ನೂ ಈಗಿನ ಜಾಗಕ್ಕೆ ತಕ್ಕಂತೆ ಬದಲಿಸಿ. ಹಳೆಯ ಬಯಲಿಗೆ 30 ಮೀಟರ್ ಸಾಕಾಗಿತ್ತು, ಇಲ್ಲಿ 35 ಮೀಟರಿನ ಮರ ಇದೆ ಎಂದರೆ ಏನಾಗುತ್ತದೆ ಗೊತ್ತಲ್ವಾ.

ನಿಲ್ಲಿಸಿದರೆ ಜಾರುತ್ತದೆ

ಈಗ ನನ್ನ ಕಥೆಗೆ ಬರುತ್ತೇನೆ. ಜಾರುವ ಡ್ರೋನ್ ಸಾಮಾನ್ಯವಾಗಿ ಜನರ ತಾಳ್ಮೆ ತಿನ್ನುತ್ತದೆ. ಆದರೆ ಅದು ಜಾರುವ ರೀತಿಯಲ್ಲೇ ಉತ್ತರ ಇರುತ್ತದೆ. ಗಾಳಿ ಕಡಿಮೆ ಇರುವ ಹೊತ್ತು, ಎರಡು ಮೀಟರ್ ಎತ್ತರದಲ್ಲಿ ನಿಲ್ಲಿಸಿ. ಯಾವ ಕಡೆ ಜಾರುತ್ತದೆ ನೋಡಿ. ಆಮೇಲೆ ಡ್ರೋನಿನ ಮೂತಿಯನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಸ್ಟಿಕ್ ಬಿಡಿ.

ಮೂತಿ ಎತ್ತ ತಿರುಗಿದರೂ ನೆಲದ ಮೇಲೆ ಅದೇ ದಿಕ್ಕಿಗೆ, ಉದಾಹರಣೆಗೆ ಯಾವಾಗಲೂ ಅದೇ ಮರದ ಕಡೆಗೆ ಹೋಗುತ್ತಿದ್ದರೆ ಅದು ಗಾಳಿ. ಡ್ರೋನ್ ತನ್ನ ಜಾಗ ಹಿಡಿದುಕೊಳ್ಳುತ್ತಿಲ್ಲ. ಜಿಪಿಎಸ್ ಮೋಡಿನಲ್ಲಿ ಇದೆಯಾ, ಉಪಗ್ರಹ ಸಾಕಷ್ಟು ಇವೆಯಾ ನೋಡಿ.

ಮೂತಿ ತಿರುಗಿಸಿದಾಗ ಜಾರುವ ದಿಕ್ಕೂ ತಿರುಗಿದರೆ, ಅಂದರೆ ಯಾವಾಗಲೂ ಡ್ರೋನಿನ ತನ್ನದೇ ಎಡಕ್ಕೋ ಬಲಕ್ಕೋ ಹೋಗುತ್ತಿದ್ದರೆ, ದೋಷ ಯಂತ್ರದಲ್ಲೋ ರಿಮೋಟಿನಲ್ಲೋ ಇದೆ. ಗಾಳಿಗೂ ಆಕಾಶಕ್ಕೂ ಸಂಬಂಧ ಇಲ್ಲ.

ನೀರು ಇಳಿಯುವ ತೂತಿನ ಸುತ್ತ ಸುಳಿ ತಿರುಗುವ ಹಾಗೆ ಡ್ರೋನ್ ಸುತ್ತು ಹಾಕುತ್ತಾ, ಸುತ್ತು ದೊಡ್ಡದಾಗುತ್ತಾ ಹೋದರೆ ಅದು ಕಂಪಾಸ್. ತಾನು ಉತ್ತರಕ್ಕೆ ಹೋಗಬೇಕು ಎಂದು ಅದಕ್ಕೆ ಗೊತ್ತು, ಆದರೆ ಉತ್ತರ ಯಾವುದೆಂದು ತಪ್ಪು ತಿಳಿದಿದೆ. ಹಾಗಾಗಿ ಸರಿಪಡಿಸಲು ಹೋದಷ್ಟೂ ಪಕ್ಕಕ್ಕೆ ಹೋಗುತ್ತದೆ. ಇದು ಕಂಡ ತಕ್ಷಣ ಇಳಿಸಿಬಿಡಿ.

ಹತ್ತು ಮೀಟರ್ ಮೇಲೆ ಸರಿಯಾಗಿ ನಿಂತು, ನೆಲದ ಹತ್ತಿರ ಮಾತ್ರ ಅಲೆದಾಡಿದರೆ ಹೊಟ್ಟೆಯ ಕೆಳಗಿನ ಕ್ಯಾಮೆರಾ ಸೆನ್ಸರ್‌ಗಳನ್ನು ಒರೆಸಿ. ಅದರ ಮೇಲೆ ಕೂತ ತೆಳು ಧೂಳಿನ ಪೊರೆ ನೇರವಾಗಿ ನೋಡಿದರೆ ಕಾಣುವುದಿಲ್ಲ, ಓರೆಯಾಗಿ ಟಾರ್ಚ್ ಹಾಕಿದರೆ ಕಾಣುತ್ತದೆ. ಇಳಿಸಲು ಹೋದಾಗ ಅರ್ಧ ಮೀಟರಿನಲ್ಲೇ ನಿಂತು ಕೆಳಗೆ ಬಾರದಿದ್ದರೂ ಇದೇ ಜಾಗ ನೋಡಿ.

ಆ ದಿನ ನಾನು ಈ ಪರೀಕ್ಷೆ ಮಾಡಿರಲಿಲ್ಲ. ಮರುದಿನ ಬೆಳಿಗ್ಗೆ ಮಾಡಿದೆ. ಮೂತಿಯನ್ನು ನನ್ನ ಕಡೆ ತಿರುಗಿಸಿದಾಗ ಡ್ರೋನ್ ನನ್ನ ಬಲಕ್ಕೆ ಜಾರಿತು. ಅಂದರೆ ಅದರ ಎಡಕ್ಕೆ. ಒಂದೇ ಸಲಕ್ಕೆ ಗಾಳಿ, ಜಿಪಿಎಸ್, ಕಂಪಾಸ್ ಮೂರೂ ಪಟ್ಟಿಯಿಂದ ಹೋದವು. ಇಳಿಸಿ, ಡ್ರೋನ್ ಆಫ್ ಮಾಡಿ, ರಿಮೋಟಿನ ಸ್ಟಿಕ್ ಪರೀಕ್ಷೆಯ ಪುಟ ತೆರೆದೆ. ಎರಡೂ ಕೈ ತೆಗೆದು ರಿಮೋಟನ್ನು ನೆಲದ ಮೇಲಿಟ್ಟೆ. ಬಲ ಸ್ಟಿಕ್ಕಿನ ಚುಕ್ಕೆ ನಡುವಿನಲ್ಲಿ ಇರಲಿಲ್ಲ, ಎಡಕ್ಕೆ ಒಂದಿಷ್ಟು ಸರಿದು ನಿಂತಿತ್ತು. ಸ್ಟಿಕ್ಕನ್ನು ಬಲಕ್ಕೆ ಎಳೆದು ಬಿಟ್ಟೆ. ಚುಕ್ಕೆ ಬಂದು ಮತ್ತೆ ಅಲ್ಲೇ ನಿಂತಿತು. ಎರಡು ವರ್ಷ ಚೀಲದ ಪಟ್ಟಿ ಆ ಸ್ಟಿಕ್ಕನ್ನು ಒಂದೇ ಕಡೆ ಒತ್ತಿಕೊಂಡಿತ್ತು. ನಾನು ಕೈ ಬಿಟ್ಟಾಗಲೂ ರಿಮೋಟ್ "ಎಡಕ್ಕೆ ಹೋಗು" ಎಂದು ಹೇಳುತ್ತಲೇ ಇತ್ತು, ಪಾಪ ಡ್ರೋನ್ ಹೇಳಿದ ಮಾತು ಕೇಳುತ್ತಿತ್ತು. ಸ್ಟಿಕ್ ಕ್ಯಾಲಿಬ್ರೇಷನ್‌ಗೆ ಎರಡು ನಿಮಿಷ ಸಾಕಾಯಿತು. ಚುಕ್ಕೆ ನಡುವಿಗೆ ಬಂತು.

ಜಾರುವುದು ನಿಂತಿತು. ಆದರೆ ಈಗ ಅದು ಸಣ್ಣದಾಗಿ ಸುತ್ತು ಹಾಕತೊಡಗಿತು. ಹಿಂದಿನ ಸಂಜೆ ನಾನು ಎರಡು ಸಲ ಕಂಪಾಸ್ ಕ್ಯಾಲಿಬ್ರೇಷನ್ ಮಾಡಿದ್ದು ಒಂದು ಕಾಂಕ್ರೀಟ್ ಕಟ್ಟೆಯ ಮೇಲೆ ನಿಂತು. ಅದರೊಳಗೆ ಕಬ್ಬಿಣದ ಸರಳುಗಳಿದ್ದವು. ಇಲ್ಲದಿದ್ದ ದೋಷವನ್ನು ನಾನೇ ತಂದು ಹಾಕಿದ್ದೆ. ಕೈಗಡಿಯಾರ ಬಿಚ್ಚಿ, ಫೋನನ್ನು ದೂರ ಇಟ್ಟು, ಕಾರಿನಿಂದ ಇಪ್ಪತ್ತು ಹೆಜ್ಜೆ ಆಚೆ ಬರಿ ಮಣ್ಣಿನ ಮೇಲೆ ಇನ್ನೊಮ್ಮೆ ಮಾಡಿದ ಮೇಲೆ ಸುತ್ತುವುದೂ ಹೋಯಿತು.

ಮಣ್ಣಿನ ಮೇಲೆ ಮಾಡಿದರೂ ಕಂಪಾಸ್ ದೋಷ ಮತ್ತೆ ಮತ್ತೆ ಬರುತ್ತಿದ್ದರೆ ಡ್ರೋನನ್ನು ಎಲ್ಲಿ ಇಟ್ಟಿದ್ದಿರಿ ಎಂದು ನೆನಪು ಮಾಡಿಕೊಳ್ಳಿ. ಸ್ಪೀಕರ್ ಪಕ್ಕದಲ್ಲಿ ಬಹಳ ದಿನ ಇಟ್ಟಿದ್ದರೆ ಒಳಗಿನ ಉಕ್ಕಿನ ಸ್ಕ್ರೂಗಳಿಗೆ ಆಯಸ್ಕಾಂತದ ಗುಣ ಬಂದಿರಬಹುದು.

ಐಎಂಯು ಕ್ಯಾಲಿಬ್ರೇಷನ್ ಬೇಕಾಗುವುದು ಸ್ಟಿಕ್ ಸರಿಯಿದ್ದೂ, ಡ್ರೋನ್ ತನ್ನದೇ ಒಂದು ಪಕ್ಕಕ್ಕೆ ಜಾರುತ್ತಿದ್ದರೆ. ಡ್ರೋನ್ ತಣ್ಣಗಿರುವಾಗ, ನಿಜವಾಗಿ ಸಮತಟ್ಟಾದ ಜಾಗದಲ್ಲಿ ಮಾಡಿ. ಕಣ್ಣಂದಾಜು ಬೇಡ, ರಸಮಟ್ಟ ಇಟ್ಟು ನೋಡಿ.

ಕ್ಯಾಮೆರಾ

ಆನ್ ಮಾಡಿದಾಗ ಗಿಂಬಲ್ (ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಭಾಗ) ಗರಗರ ನಡುಗಿದರೆ ಅದರ ಕವಚ ತೆಗೆಯಲು ಮರೆತಿದ್ದೀರಿ, ತಕ್ಷಣ ಆಫ್ ಮಾಡಿ. ವಿಡಿಯೊ ಅಲೆಅಲೆಯಾಗಿ ನಡುಗಿದರೆ ಗಿಂಬಲ್ ತೂಗುಹಾಕಿರುವ ಸಣ್ಣ ರಬ್ಬರ್‌ಗಳನ್ನು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಬದಲಿಸಬೇಕು. ರಬ್ಬರ್ ಮೆತ್ತಗಿದ್ದೂ ನಡುಗಿದರೆ ಪ್ರೊಪೆಲ್ಲರ್ ಕಡೆಗೆ ವಾಪಸ್ ಹೋಗಿ. ಮೆಮೊರಿ ಕಾರ್ಡನ್ನು ಡ್ರೋನಿನಲ್ಲೇ ಫಾರ್ಮ್ಯಾಟ್ ಮಾಡಿ, ಹಳೆಯ ಚಿತ್ರಗಳನ್ನು ಮೊದಲು ತೆಗೆದಿಟ್ಟುಕೊಂಡು.

ಎಲ್ಲ ಸರಿಯಿದ್ದೂ ಎತ್ತಲು ಬಿಡುತ್ತಿಲ್ಲ

ಯಂತ್ರದಲ್ಲಿ ದೋಷ ಇರಬೇಕಾಗಿಲ್ಲ. ನೀವು ಬಿಟ್ಟಾಗ ಹಾರಿಸಬಹುದಾಗಿದ್ದ ಜಾಗ ಈಗ ನಿಷೇಧದ ನಕ್ಷೆಯಲ್ಲಿ ಸೇರಿರಬಹುದು. ನಿಯಮಗಳೂ ಎಲ್ಲ ಕಡೆ ಬದಲಾಗಿವೆ. ಭಾರತದಲ್ಲಿ ಡ್ರೋನ್ ನಿಯಮಗಳು 2021ರ ಆಗಸ್ಟ್‌ನಲ್ಲಿ ಹೊಸದಾಗಿ ಬಂದವು. ಅಮೆರಿಕದಲ್ಲಿ, ಹಾರುವ ಡ್ರೋನ್ ತನ್ನ ಗುರುತನ್ನು ರೇಡಿಯೊದಲ್ಲಿ ಪ್ರಸಾರ ಮಾಡಬೇಕೆಂಬ ರಿಮೋಟ್ ಐಡಿ ನಿಯಮ 2023ರ ಸೆಪ್ಟೆಂಬರ್‌ನಲ್ಲಿ ಬಂತು. ಯುರೋಪ್ ಒಕ್ಕೂಟದಲ್ಲಿ 2024ರ ಜನವರಿಯಿಂದ ಡ್ರೋನ್‌ಗಳಿಗೆ ವರ್ಗದ ಗುರುತು ಶುರುವಾಯಿತು. ಹಲವು ಕಡೆ 250 ಗ್ರಾಂ ಒಂದು ಮುಖ್ಯ ಗಡಿ. ನಿಮ್ಮ ಡ್ರೋನನ್ನು ಬ್ಯಾಟರಿ, ಪ್ರೊಪೆಲ್ಲರ್, ಕಾರ್ಡ್ ಸಮೇತ ತೂಗಿ ನೋಡಿ. ನೀವಿರುವ ಕಡೆಯ ಈಗಿನ ನಿಯಮವನ್ನು ಹಾರಿಸುವ ಮೊದಲೇ ಓದಿಕೊಳ್ಳಿ.

ಇನ್ನು ನಮ್ಮ ಕೈ

ಡ್ರೋನ್ ಹೇಳಿದ ಮಾತು ಕೇಳುತ್ತಿಲ್ಲ ಅನ್ನಿಸಿದರೆ, ಅದಕ್ಕೆ ನಾವು ಹೇಳುತ್ತಿರುವುದೇ ತಪ್ಪಾಗಿರಬಹುದು. ಮೂತಿ ನಮ್ಮ ಕಡೆ ಇದ್ದಾಗ ಎಡಬಲ ಉಲ್ಟಾ ಆಗುತ್ತದೆ ಎಂಬುದು ತಲೆಗೆ ಗೊತ್ತಿರುತ್ತದೆ, ಬೆರಳಿಗೆ ಮರೆತಿರುತ್ತದೆ. ಪರೀಕ್ಷೆ ಸುಲಭ. ಮೂತಿ ಮುಂದಕ್ಕಿಟ್ಟು ನೆಲದ ಮೇಲೆ ಗುರುತು ಮಾಡಿದ ಚೌಕದ ಸುತ್ತ ನಿಧಾನವಾಗಿ ಹಾರಿಸಿ. ಆಮೇಲೆ ಮೂತಿ ನಿಮ್ಮ ಕಡೆ ತಿರುಗಿಸಿ ಅದೇ ಚೌಕ ಸುತ್ತಿ. ಮೊದಲನೆಯದು ಸರಿ ಬಂದು ಎರಡನೆಯದು ತಪ್ಪಿದರೆ ಡ್ರೋನ್ ಚೆನ್ನಾಗಿದೆ, ಅಭ್ಯಾಸ ಬೇಕು. ಕೆಲವು ದಿನ ಸಿಮ್ಯುಲೇಟರ್‌ನಲ್ಲಿ ಕೂತರೆ ಬೆರಳಿಗೆ ನೆನಪು ಬರುತ್ತದೆ. ವೇಗದ ಮೋಡಿಗೆ ಹೋಗುವ ಗುಂಡಿ ಎಲ್ಲಿದೆ ಎಂದೂ ನೋಡಿಕೊಳ್ಳಿ. ಬಹಳಷ್ಟು ಡ್ರೋನ್‌ಗಳಲ್ಲಿ ಆ ಮೋಡಿನಲ್ಲಿ ಅಡ್ಡ ಬಂದದ್ದನ್ನು ಕಂಡು ನಿಲ್ಲುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಕೈ ತಾಗಿ ಅದು ಆನ್ ಆದರೆ "ಬ್ರೇಕ್ ಹಿಡಿಯುತ್ತಿಲ್ಲ" ಎಂಬ ಭ್ರಮೆ ಬರುತ್ತದೆ.

ಮೊದಲ ಹಾರಾಟ ಐದು ನಿಮಿಷಕ್ಕೆ ಮುಗಿಯಲಿ. ಇಳಿಸಿ, ಆಫ್ ಮಾಡಿದ ಕೂಡಲೇ ನಾಲ್ಕೂ ಮೋಟರ್‌ಗಳನ್ನು ಬೆರಳಿನಿಂದ ಮುಟ್ಟಿ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಆ ತೋಳಿನ ಬೇರಿಂಗ್, ಪ್ರೊಪೆಲ್ಲರ್ ಎರಡನ್ನೂ ಮತ್ತೆ ನೋಡಿ. ಬ್ಯಾಟರಿ ತೆಗೆದು ಅದರ ಹೊಟ್ಟೆಯನ್ನು ಇನ್ನೊಮ್ಮೆ ಪರೀಕ್ಷಿಸಿ. ಹಾರುವ ಮೊದಲು ಚಪ್ಪಟೆಯಾಗಿದ್ದು, ಬಿಸಿಯಾದ ಮೇಲೆ ಉಬ್ಬುವವೂ ಇವೆ. ಮುಂದಿನ ಹಾರಾಟ ವಾರಕ್ಕಿಂತ ಆಚೆ ಎಂದಿದ್ದರೆ ಸೆಲ್‌ಗಳನ್ನು 3.8 ವೋಲ್ಟಿನ ಹತ್ತಿರಕ್ಕೆ ತಂದು, ಬ್ಯಾಟರಿಯ ಮೇಲೆ ತಾರೀಕು ಬರೆದ ಚೀಟಿ ಅಂಟಿಸಿ ಎತ್ತಿಡಿ. ರಿಮೋಟನ್ನು ಚೀಲದಲ್ಲಿ ಇಡುವಾಗ ಸ್ಟಿಕ್‌ಗಳನ್ನು ಬಿಚ್ಚಿ ಇಡಿ, ಬಿಚ್ಚಲು ಬಾರದಿದ್ದರೆ ಅವಕ್ಕೆ ಏನೂ ತಾಗದಂತೆ ಇಡಿ.